ಲಿಂಬು ನೀರು, ತೆಂಗಿನೆಣ್ಣೆ ಮತ್ತು ಯುರೇನಿಯಂ

ರಸಾಯನಶಾಸ್ತ್ರದಲ್ಲಿ ನಾನು ಬಿ.ಎಸ್‌ಸಿ. ಪಾಸಾದವನು. ಆಮೇಲೆ ಮೂವತ್ತು ವರ್ಷ ಅದರ ಕಡೆ ತಿರುಗಿಯೂ ನೋಡಿಲ್ಲ ಎಂಬುದು ಬೇರೆ ವಿಷಯ. ಅಕ್ಕನ ಮಗಳು ವೀಣಾಳ ಮದುವೆ ಮಾತುಕತೆಗೆ ಕುಮಟಾದವರು ಹೊನ್ನಾವರದ ನಮ್ಮ ಮನೆಗೆ ಬಂದಾಗ, ವಿಜ್ಞಾನದ ಖಾತೆಯನ್ನು ನಾನೇ ವಹಿಸಿಕೊಂಡೆ.

ಹುಡುಗ ಹುಡುಗಿ ಒಪ್ಪಿಯಾಗಿತ್ತು. ಹುಡುಗನ ತಾಯಿಗೆ ಮಾತ್ರ ಹೆದರಿಕೆ. ಆಮ್ಲದಲ್ಲಿ ಕರಗಿದ ಯುರೇನಿಯಂ ಲೋಹವನ್ನು ಎಣ್ಣೆಯಂಥ ದ್ರಾವಕದಿಂದ ಹೊರಗೆಳೆಯುವುದು ವೀಣಾಳ ಸಂಶೋಧನೆ.

"ಅದು ಮೈಗೆ ಹತ್ತಿ ಮನೆಗೂ ಬಂದ್ರೆ ಎಂತ ಮಾಡುದು?" ಎಂದರು. ಮಾತುಕತೆ ಅಲ್ಲಿಗೇ ನಿಂತಿತು.

ವೀಣಾ ಬಾಯಿ ತೆರೆದಳು. ನಾನು ಕೈಯೆತ್ತಿ ತಡೆದೆ. "ನೀ ಸುಮ್ನಿರು. ನಾ ಮಾಡಿ ತೋರಿಸ್ತೆ."

ಬಾಟಲಿಗೆ ಲಿಂಬು ಹಿಂಡಿದ ನೀರು ಹಾಕಿದೆ. ಅದು ಆಮ್ಲ. ಅರಿಶಿನ ಹಾಕಿದೆ. ಅದು ಯುರೇನಿಯಂ. ಮೇಲೆ ತೆಂಗಿನೆಣ್ಣೆ. ಕುಲುಕಿದರೆ ಎಣ್ಣೆಯು ಹಳದಿಯನ್ನು ಎಳೆದುಕೊಂಡು ಮೇಲೆ ನಿಲ್ಲಬೇಕು, ಕೆಳಗೆ ಬರೀ ಹುಳಿನೀರು ಉಳಿಯಬೇಕು ಎಂಬುದು ಶಾಸ್ತ್ರ.

ಕುಲುಕಿದೆ. ಎಲ್ಲ ಸೇರಿ ಮಜ್ಜಿಗೆಹುಳಿಯಂತಾಯಿತು. ಯಾವುದು ಎಣ್ಣೆ, ಯಾವುದು ನೀರು ಎಂದು ನನಗೇ ತಿಳಿಯಲಿಲ್ಲ.

"ಮಾವ, ಹಂಗೇ ಬಿಡು. ತನ್ನಷ್ಟಕ್ಕೆ ಬೇರೆ ಆಗ್ತದೆ," ಎಂದಳು ವೀಣಾ.

ಬಿಡುವುದೇ? ಕುಮಟಾದವರ ಎದುರಿಗೆ? ಇನ್ನೂ ಜೋರಾಗಿ ಕುಲುಕಿದೆ. ಮುಚ್ಚಳ ಹಾರಿತು. ಯುರೇನಿಯಂ ನೇರವಾಗಿ ಹುಡುಗನ ತಾಯಿಯ ಕೆನೆಬಣ್ಣದ ಸೀರೆಯ ಮೇಲೆ!

ನನ್ನ ಹೆಂಡತಿ ಓಡಿಬಂದು ಸಾಬೂನು ಹಚ್ಚಿ ತಿಕ್ಕಿದಳು. ಹಳದಿ ಕಲೆ ಎಲ್ಲರ ಕಣ್ಣೆದುರೇ ಕೆಂಪಾಯಿತು. ನಮ್ಮ ಅಡುಗೆಮನೆಯ ಅರಿಶಿನವೇ ಎಂದು ಗೊತ್ತಿದ್ದೂ ನಾನು ಎರಡು ಹೆಜ್ಜೆ ಹಿಂದೆ ಸರಿದೆ. "ಮುಟ್ಬೇಡ, ಮುಟ್ಬೇಡ" ಎಂದು ಹೆಂಡತಿಗೆ ಕೂಗಿಯೂ ಬಿಟ್ಟೆ.

ಹುಡುಗನ ತಾಯಿ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ಎಂತಕ್ಕೆ ಹೆದರ್ತ್ರಿ? ಆರತಿ ನೀರಿಗೆ ಅರಿಶಿನ, ಸುಣ್ಣ ಹಾಕಿದ್ರೆ ಕೆಂಪಾಗುದಿಲ್ವಾ? ಸಾಬೂನಿಗೂ ಹಂಗೇ."

ಇದು ಬಿ.ಎಸ್‌ಸಿ.ಯಲ್ಲಿ ಇತ್ತೋ ಇಲ್ಲವೋ, ನೆನಪಾಗಲಿಲ್ಲ. ನನಗೆ ನಾಚಿಕೆಯಾಯಿತು.

ಅವರು ವೀಣಾಳ ಕಡೆ ತಿರುಗಿದರು. "ನೀ ಹೇಳು ತಂಗಿ. ನೀನೂ ಹೀಗೇ ಮಾಡುದಾ?"

"ಇಲ್ಲ ಅಮ್ಮ. ಮುಚ್ಚಿದ ಗಾಜಿನ ಪೆಟ್ಟಿಗೆಯೊಳಗೆ ಕೈ ಮಾತ್ರ ಇಟ್ಟು, ಕೈಗವಸು ಹಾಕಿ ಮಾಡುದು. ಮೈಗೆ ಎಂತದೂ ಹತ್ತಲಿಲ್ಲ ಅಂತ ಯಂತ್ರದಲ್ಲಿ ನೋಡ್ಕೊಂಡೇ ಲ್ಯಾಬಿಂದ ಹೊರಗೆ ಬರುದು."

ಅವಳಿಗೆ ಎರಡೇ ಮಾತು ಸಾಕಾಯಿತು. ನನಗೆ ಒಂದು ಬಾಟಲಿ ಎಣ್ಣೆ ಬೇಕಾಗಿತ್ತು.

"ಆತು, ನಮಗೆ ಒಪ್ಪಿಗೆ," ಎಂದರು ಅವರು. ನಾನು ಎದೆಯುಬ್ಬಿಸುವಷ್ಟರಲ್ಲಿ ಸೇರಿಸಿದರು: "ಹುಡುಗಿ ಯುರೇನಿಯಂ ಮುಟ್ಟಿದ್ರೂ ಅಡ್ಡಿಲ್ಲ. ಮದುವೆ ಮನೆಲಿ ಇವ್ರು ಮಾತ್ರ ಎಂತದೂ ಮುಟ್ಟುದು ಬೇಡ."

ಮದುವೆಯ ದಿನ ಬಾಗಿಲಲ್ಲಿ ನಿಂತು ಬಂದವರಿಗೆಲ್ಲ ಕೈಮುಗಿಯುವ ಕೆಲಸವನ್ನು ನನಗೆ ಕೊಟ್ಟಿದ್ದಾರೆ. ಎರಡೂ ಕೈ ಅದರಲ್ಲೇ ಇರಲಿ ಎಂದು.