ತೊಳೆದ ಮುಖ

ಬಾರ್ನಬಿ ಪಿಂಕ್ನಿಯ ಬಾಳು ಕೆಟ್ಟದ್ದು ಒಂದು ತುಂಡು ಸೋಪಿನಿಂದ. ಸೋಪು ಅವನದಲ್ಲ, ಅವನಿಗೂ ಸೋಪಿಗೂ ಅಷ್ಟಕ್ಕಷ್ಟೇ. ಅದು ಮನೆಯೊಡತಿ ಮಿಸೆಸ್ ಗ್ರಿಬಲ್‌ಳದು.

ಇಟಲಿಯ ಹಳೆಯ ಚಿತ್ರಕಾರ ರಾಫೆಲನಿಂದೀಚೆಗೆ ಚಿತ್ರಕಲೆ ಕೆಟ್ಟು ಕೆರ ಹಿಡಿದಿದೆ, ಅವನಿಗಿಂತ ಹಿಂದಿನವರ ದಾರಿಯೇ ಸರಿ ಎಂದು ಲಂಡನ್ನಿನ ಕೆಲವು ಹುಡುಗರು ಹಿರಿಯರ ಮೇಲೆ ತಿರುಗಿಬಿದ್ದಿದ್ದ ಕಾಲ ಅದು. ಬಾರ್ನಬಿಯೂ ಅವರ ಬಾಲ ಹಿಡಿದಿದ್ದ. ಕಣ್ಣೆದುರು ಕಂಡದ್ದನ್ನಷ್ಟೇ ಬರೆಯಬೇಕು, ಒಂದು ಎಲೆಯನ್ನೂ ಊಹಿಸಿ ಬರೆಯಬಾರದು ಎಂಬುದು ಅವರ ವ್ರತ. ಚಿತ್ರದ ಮೇಲೆ ಸ್ವಂತ ಹೆಸರನ್ನೂ ಹಾಕುವಂತಿಲ್ಲ, ಬಳಗದ ಗುಟ್ಟಿನ ಅಕ್ಷರಗಳನ್ನು ಮಾತ್ರ ಹಾಕಬೇಕು. ಗಡ್ಡಕ್ಕೆ ಕತ್ತರಿ ಸೋಕಿಸಬಾರದೆಂಬುದು ಬಾರ್ನಬಿ ತಾನಾಗಿಯೇ ಸೇರಿಸಿಕೊಂಡ ನಿಯಮ.

ಅವನ ಅಪ್ಪ ಮೇಣದಬತ್ತಿಯ ವ್ಯಾಪಾರಿ. ಮಗನಿಗೆ ಒಂದು ವರ್ಷ ಗಡುವು ಕೊಟ್ಟಿದ್ದ. "ಈ ಸಲದ ಪ್ರದರ್ಶನಕ್ಕೆ ನಿನ್ನ ಹೆಸರಲ್ಲಿ ಒಂದು ಚಿತ್ರ ಒಳಗೆ ಹೋಗ್ಲಿ. ಹೆಸರು ಬರ್ಕೊಳ್ಳೋ ಗುಮಾಸ್ತನ ಪಕ್ಕ ನಾನೇ ನಿಂತು ನೋಡ್ತೀನಿ. ಹೋಗ್ಲಿಲ್ವೋ, ಸೋಮವಾರದಿಂದ ಕಾರ್ಖಾನೆಗೆ ಬಂದು ಬತ್ತಿ ಎರೆಯೋ ಕೊಬ್ಬು ಕಾಯಿಸು." ಸೋಪಿನ ಘಟನೆ ನಡೆದ ದಿನವೇ ಪ್ರದರ್ಶನದವರು ಚಿತ್ರ ತೆಗೆದುಕೊಳ್ಳುವ ಕಡೆಯ ದಿನ. ಸಂಜೆ ಆರಕ್ಕೆ ಬಾಗಿಲು ಮುಚ್ಚುತ್ತಿತ್ತು.

ಬಾರ್ನಬಿ ಬರೆಯುತ್ತಿದ್ದುದು ಶ್ರೀಮಂತನೊಬ್ಬನ ಹೊಸ್ತಿಲಲ್ಲಿ ಕೂತ ಭಿಕ್ಷುಕ ಸಂತನ ಚಿತ್ರ. ಹೊಸ್ತಿಲಿನ ಪಾಚಿಗೆ ಮೂರು ವಾರ, ಸಂತನ ಹರಕು ಕೋಟಿಗೆ ಐದು ವಾರ ಹಿಡಿದಿತ್ತು. ಉಳಿದದ್ದು ಮುಖ ಒಂದೇ. ಆ ಬಳಗದವರು ಬರೆಯುವ ಕ್ರಮವೇ ಬೇರೆ. ಅವತ್ತು ಬರೆಯಬೇಕಾದಷ್ಟು ಜಾಗಕ್ಕೆ ಬೆಳಗ್ಗೆ ಬಿಳಿ ಬಣ್ಣ ಬಳಿದು, ಅದು ಹಸಿಯಾಗಿರುವಾಗಲೇ ಮೇಲೆ ತೆಳುವಾಗಿ ಬಣ್ಣ ಹಚ್ಚಿ ಮುಗಿಸಬೇಕು. ಒಣಗಿದರೆ ಕೆರೆದು ಹಾಕುವುದೇ ಗತಿ. ಬಾರ್ನಬಿ ಬೆಳಗಾಗುತ್ತಲೇ ಮುಖದ ಜಾಗಕ್ಕೆ ಬಿಳಿ ಬಳಿದು, ಚರ್ಚಿನ ಮೂಲೆಯಲ್ಲಿ ಬೇಡುವ ಏಬೆಲ್ ಹಾಸ್ಕಿನ್‌ಗಾಗಿ ಕಾಯುತ್ತ ಕೂತ. ಏಬೆಲ್‌ನ ಮುಖದಲ್ಲಿ ಹತ್ತು ವರ್ಷದ ಕೊಳೆ, ಇಪ್ಪತ್ತು ವರ್ಷದ ಗಡ್ಡ, ಪ್ರಪಂಚದ ದುಃಖವೆಲ್ಲ ಇತ್ತು.

ಬಾಗಿಲು ತೆರೆಯಿತು. ಪಾದ್ರಿಗಳ ಹಳೆಯ ಕರಿ ಕೋಟು ತೊಟ್ಟ ದೊಡ್ಡ ಮನುಷ್ಯನೊಬ್ಬ ಒಳಗೆ ಬಂದ. ನುಣ್ಣನೆ ಬೋಳಿಸಿದ ಕೆನ್ನೆ ಸೇಬಿನ ಹಾಗೆ ಹೊಳೆಯುತ್ತಿತ್ತು.

"ಯಾರು ಬೇಕಾಗಿತ್ತು ತಮಗೆ?" ಎಂದು ಬಾರ್ನಬಿ ಎದ್ದು ನಿಂತ.

"ನಾನೇ ಸ್ವಾಮಿ, ಏಬೆಲ್ಲು," ಎಂದ ದೊಡ್ಡ ಮನುಷ್ಯ ನಾಚಿಕೊಂಡು.

ಹಿಂದಿನಿಂದ ಮಿಸೆಸ್ ಗ್ರಿಬಲ್ ಉಡುಪಿನ ತೋಳು ಮಡಚಿಕೊಂಡೇ ಒಳಗೆ ನುಗ್ಗಿದಳು. "ಹೆಂಗಿದೆ? ರಾಣಿಯವರು ನೋಡೋ ಚಿತ್ರ ಅಂತೆ. ನಮ್ಮ ಬೀದಿ ಮನುಷ್ಯ ಆ ಅವತಾರದಲ್ಲಿ ಹೋಗಿ ಗೋಡೆ ಮೇಲೆ ಕೂತ್ರೆ ನಮ್ಮ ಮಾನ ಏನಾಗ್ಬೇಕು? ನಾನೂ ಚರ್ಚಿನ ಹೆಂಗಸರೂ ಸೇರ್ಕೊಂಡು ಐದು ಗಂಟೆಗೇ ಹಿಡಿದು ಉಜ್ಜಿದ್ವಿ. ಮೂರು ಬಕೀಟು ನೀರು ಮಸಿ ಆಯ್ತು ನೋಡಿ!"

ಬಾರ್ನಬಿಗೆ ಅಳು ಬಂತು. "ಏಬೆಲ್, ಒಂಚೂರು ಬೂದಿ ಹಚ್ಕೊಳ್ಳೋ ಮಾರಾಯ."

"ಬೇಡ ಸ್ವಾಮಿ. ಎಷ್ಟೋ ವರ್ಷ ಆದ್ಮೇಲೆ ಇವತ್ತು ನನ್ನ ಮುಖ ನಾನು ನೋಡ್ದೆ. ನಮ್ಮಪ್ಪನ್ನ ಕಂಡ ಹಂಗಾಯ್ತು." ಏಬೆಲ್ ಕೆನ್ನೆಯನ್ನು ಮೆಲ್ಲಗೆ ಸವರಿಕೊಂಡ. ಬಾರ್ನಬಿಗೆ ಮತ್ತೆ ಒತ್ತಾಯಿಸಲು ಮನಸ್ಸು ಬರಲಿಲ್ಲ. ಹಚ್ಚಿಕೊಂಡಿದ್ದರೂ ಗಡ್ಡವನ್ನು ಎಲ್ಲಿಂದ ತರುವುದು?

ಬಿಳಿ ಒಣಗುವುದರೊಳಗೆ ಇನ್ನೊಬ್ಬ ಭಿಕ್ಷುಕನನ್ನು ಹಿಡಿದು ತರಬೇಕೆಂದು ಅವನು ಟೋಪಿಯೂ ಇಲ್ಲದೆ ಬೀದಿಗೆ ಓಡಿದ. ಮಾರುಕಟ್ಟೆಯ ಮೂಲೆಯಲ್ಲಿ ಒಂದು ಅದ್ಭುತ ಗಡ್ಡ ಕಂಡಿತು. ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿ, "ಆಹಾ, ಎಂಥಾ ದರಿದ್ರ ಮುಖ! ಬರ್ತೀಯಾ ನಮ್ಮನೆಗೆ?" ಎಂದ. ಗಡ್ಡದ ಯಜಮಾನ ಹಡಗಿನ ನಿವೃತ್ತ ಕ್ಯಾಪ್ಟನ್. ಮರುಗಳಿಗೆಯಲ್ಲಿ ಬಾರ್ನಬಿ ಚರಂಡಿಯಲ್ಲಿದ್ದ. ಎದ್ದು ಓಡುವಾಗ ಬೂದಿ ಸಾಗಿಸುವ ಗಾಡಿಗೆ ಡಿಕ್ಕಿ ಹೊಡೆದು ಅರ್ಧ ಬೂದಿಯನ್ನು ಮೈಮೇಲೆ ಸುರಿದುಕೊಂಡ. ಕಟುಕರ ಅಂಗಡಿಯ ನಾಯಿ ಕೋಟಿನ ಒಂದು ತೋಳನ್ನು ತನ್ನಲ್ಲೇ ಇಟ್ಟುಕೊಂಡಿತು. ಭಿಕ್ಷುಕರೆಲ್ಲ ಅವತ್ತು ಎಲ್ಲಿ ಅಡಗಿದ್ದರೋ, ಒಬ್ಬನೂ ಸಿಗಲಿಲ್ಲ.

ಮಧ್ಯಾಹ್ನ ಕುಂಟುತ್ತ ಬಂದು ಬಾಗಿಲು ತಟ್ಟಿದರೆ ಮಿಸೆಸ್ ಗ್ರಿಬಲ್ ಪೊರಕೆ ಎತ್ತಿದಳು. "ಮುಂದಕ್ಕೆ ಹೋಗಪ್ಪ, ಇವತ್ತು ರೊಟ್ಟಿ ಇಲ್ಲ!"

ಅವಳ ಕಂಕುಳಡಿ ನುಸುಳಿ ಒಳಗೆ ಹೋದವನು ನಡುಮನೆಯ ಕನ್ನಡಿಯ ಮುಂದೆ ಗಕ್ಕನೆ ನಿಂತ. ಕೆಸರು ಮೆತ್ತಿದ ಗಡ್ಡ, ಬೂದಿ ಬಳಿದ ಹಣೆ, ಕೆನ್ನೆಯ ಮೇಲೆ ಕಣ್ಣೀರು ಕೊರೆದ ಎರಡು ಗೆರೆ. ಅಂಗೈಯಲ್ಲಿ ಬೆಣ್ಣೆ ಇಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆದಂತಾಗಿತ್ತು. ಕನ್ನಡಿಯನ್ನೇ ಕಿತ್ತುಕೊಂಡು ಮೇಲಕ್ಕೆ ಓಡಿದ. ಬಿಳಿ ಇನ್ನೂ ಹಸಿಯಾಗಿತ್ತು.

ಅವತ್ತು ಬರೆದಂತೆ ಅವನು ಹಿಂದೆಂದೂ ಬರೆದಿರಲಿಲ್ಲ. ಐದು ಗಂಟೆಗೆ ಕುಂಚ ಕೆಳಗಿಟ್ಟಾಗ ಮಿಸೆಸ್ ಗ್ರಿಬಲ್ ಕೂಡ ಏಪ್ರನ್ನಿನ ತುದಿಯಿಂದ ಮೂಗು ಒರೆಸಿಕೊಂಡಳು. ಮುಖ ತೊಳೆಯಲು ಪುರುಸೊತ್ತಿರಲಿಲ್ಲ. ಬೆಳಗಿನಿಂದ ಅಲ್ಲೇ ಇದ್ದ ಏಬೆಲ್ ಒಂದು ಬದಿ, ಅವನು ಒಂದು ಬದಿ ಹಿಡಿದು ಹಸಿ ಚಿತ್ರವನ್ನು ಹೊತ್ತು ಓಡಿದರು.

ಪ್ರದರ್ಶನದ ಬಾಗಿಲಿಗೆ ಬಂದಾಗ ಆರಕ್ಕೆ ಎರಡೇ ನಿಮಿಷವಿತ್ತು. ಕಾವಲುಗಾರ ಏಬೆಲ್‌ಗೆ ಸಲಾಂ ಹೊಡೆದ, ಬಾರ್ನಬಿಯ ಎದೆಗೆ ಕೋಲು ಅಡ್ಡ ಇಟ್ಟ. "ನೀನೆಲ್ಲಿಗೋ? ಭಿಕ್ಷೆಯವರಿಗೆಲ್ಲ ಒಳಗೆ ಪ್ರವೇಶ ಇಲ್ಲ."

"ಅಯ್ಯಾ, ನಾನೇ ಕಣಯ್ಯ ಚಿತ್ರಕಾರ!"

"ನಾನು ಇಂಗ್ಲೆಂಡಿನ ರಾಣಿ. ಆಚೆ ನಿಲ್ಲು."

"ನೀನು ಹೋಗು ಏಬೆಲ್, ಬೇಗ!" ಎಂದು ಬಾರ್ನಬಿ ಹಲುಬಿದ. ಏಬೆಲ್ ಚಿತ್ರವನ್ನು ತಬ್ಬಿಕೊಂಡು ಒಳಗೆ ಹೋದ. ಗಂಟೆ ಆರು ಹೊಡೆಯಿತು. ಹಿಂದೆಯೇ ಬಾಗಿಲು ಮುಚ್ಚಿತು. ಬಾರ್ನಬಿ ಮೆಟ್ಟಿಲ ಮೇಲೆ ಕುಸಿದು ಕೂತು, ದೇವರೇ ಗೆದ್ದೆ ಎಂದುಕೊಂಡ.

ಸ್ವಲ್ಪ ಹೊತ್ತಿಗೆ ಪಕ್ಕದ ಬಾಗಿಲಿಂದ ಅಪ್ಪ ಹೊರಬಂದ, ಜೊತೆಗೆ ಏಬೆಲ್. ಅಪ್ಪ ಮಗನನ್ನು ಕಂಡು ಹೌಹಾರಿದ. "ಬಾರ್ನಬಿ! ಇದೇನೋ ನಿನ್ನ ಗತಿ?"

"ಅಪ್ಪಾ, ನೋಡಿದ್ಯಾ? ನನ್ನ ಚಿತ್ರ ಒಳಗೆ ಹೋಯ್ತು!"

"ನಿನ್ನ ಮುಖ ಹೋಯ್ತು, ಕುರುಡನಿಗೂ ಗೊತ್ತಾಗುತ್ತೆ. ಚಿತ್ರ ಇವರದ್ದು. ಗುಮಾಸ್ತ ಹೆಸರು ಕೇಳಿದ, ಇವರು ಹೇಳಿದ್ರು, ಅವನು ಪುಸ್ತಕದಲ್ಲಿ ಬರ್ಕೊಂಡ. ಏಬೆಲ್ ಹಾಸ್ಕಿನ್. ನಾನೇ ಪಕ್ಕದಲ್ಲಿ ನಿಂತು ನೋಡಿದ್ದೀನಿ. ಆ ಮುಖ ನೋಡಿ ನನ್ನ ಕಣ್ಣಲ್ಲೂ ನೀರು ಬಂತು ಕಣೋ. ಬರೆದ್ರೆ ಹಾಗೆ ಬರೀಬೇಕು!"

ಬಾರ್ನಬಿ ಏಬೆಲ್‌ನತ್ತ ತಿರುಗಿದ. ಏಬೆಲ್ ಅವನ ಕಿವಿಯ ಹತ್ತಿರ ಬಗ್ಗಿದ. "ನಿಮ್ಮ ಹೆಸರೇನು ಅಂದ್ರು ಸ್ವಾಮಿ. ಸುಳ್ಳು ಹೆಸರು ಹೇಳಿ ಒಂದ್ಸಲ ಜೈಲಿಗೆ ಹೋಗ್ಬಂದೋನು ನಾನು. ಭಯ ಆಗಿ ನಿಜ ಹೇಳ್ಬಿಟ್ಟೆ. ಈಗ ಅಲ್ಲ ಅಂದ್ರೆ ಮತ್ತೆ ಒಳಗೆ ಹಾಕ್ತಾರೆ."

ಅವನ ತೊಳೆದ ಮುಖದಲ್ಲಿ ನಿಜವಾದ ಹೆದರಿಕೆ ಇತ್ತು. ಅಪ್ಪನಿಗೆ ನಿಜ ಹೇಳಲು ಹೊರಟಿದ್ದ ಬಾರ್ನಬಿ ಅದನ್ನು ಕಂಡು ತಡೆದುಕೊಂಡ.

ಅಪ್ಪ ಟೋಪಿ ತೆಗೆದು ಏಬೆಲ್‌ನ ಮುಂದೆ ವಿನಯದಿಂದ ನಿಂತ. "ತಾವು ದೊಡ್ಡ ಕಲಾವಿದರು. ಮುಚ್ಚುಮರೆ ಇಲ್ದೆ ಒಂದು ಮಾತು ಹೇಳ್ಬಿಡಿ. ಈ ಕಲೆಯಲ್ಲಿ ನಮ್ಮ ಹುಡುಗನಿಗೆ ಏನಾದ್ರೂ ಭವಿಷ್ಯ ಇದೆಯಾ?"

ಏಬೆಲ್‌ಗೆ ಹೇಗಾದರೂ ಮಾಡಿ ಉಪಕಾರ ಮಾಡಬೇಕೆನಿಸಿತು. ಪಾದ್ರಿಯ ಕೋಟನ್ನು ಸರಿಪಡಿಸಿಕೊಂಡು ಮನಃಪೂರ್ವಕವಾಗಿ ಹೇಳಿದ:

"ಖಂಡಿತ ಇದೆ ಯಜಮಾನ್ರೆ. ಚಿನ್ನದಂಥ ಹುಡುಗ. ಅಲ್ಲಾಡದೆ ಕೂರ್ತಾನೆ."