ಒಂದು ಹಲ್ಲು ಕಡಿಮೆಯ ನವಿಲು

ಎಣಿಕೆಯಲ್ಲಿ ನಾನು ಎಂದೂ ತಪ್ಪಿದವನಲ್ಲ. ಓದಿದ್ದು ನಾಲ್ಕನೆಯ ತರಗತಿಯವರೆಗೆ, ಅದೂ ತೆಲುಗು ಶಾಲೆಯಲ್ಲಿ. ಆದರೂ ಆದವಾನಿಯ ಹತ್ತಿ ಮಿಲ್ಲಿನಲ್ಲಿ ಚೀಲ ಹೊರುತ್ತಿದ್ದ ಮೊದಲ ಒಂಬತ್ತು ವರ್ಷವೂ, ಲಾರಿಗೆ ಎಷ್ಟು ಚೀಲ ಏರಿತೆಂದು ಗುಮಾಸ್ತರು ನನ್ನನ್ನೇ ಕೇಳುತ್ತಿದ್ದರು. ನನಗಿದ್ದ ಹೆಮ್ಮೆ ಅದೊಂದೇ!

ತಮ್ಮ ಈರಣ್ಣನಿಗೆ ಹೆಮ್ಮೆಪಡಲು ಬೇಕಾದಷ್ಟಿತ್ತು. ಅವನು ಹತ್ತನೆಯ ತರಗತಿ ಪಾಸು. ಗುಜರಿ ಸಾಮಾನು ಕೈಗೆ ಸಿಕ್ಕರೆ ಸಾಕು, ಅದಕ್ಕೆ ಜೀವ ತುಂಬುತ್ತಿದ್ದ. ಕೆಟ್ಟ ಅಲಾರಂ ಗಡಿಯಾರದ ಚಕ್ರಗಳಿಂದ ತಂಗಿಗೆ ಓಲೆ ಮಾಡಿದ. ಪೆಟ್ರೊಮ್ಯಾಕ್ಸಿನ ಹಿತ್ತಾಳೆ ಬುಂಡೆಯಿಂದ ಅವ್ವನಿಗೆ ಎಲೆಯಡಿಕೆ ಡಬ್ಬಿ ಮಾಡಿದ. ಹಳೆಯ ಹಬೆ ಯಂತ್ರಗಳ ಹಲ್ಲುಚಕ್ರ, ಕೊಳವೆಗಳನ್ನು ಎದ್ದು ಕಾಣುವಂತೆ ಜೋಡಿಸಿದ ಇಂಥ ವಸ್ತುಗಳಿಗೆ ಈಗ ‘ಸ್ಟೀಮ್‌ಪಂಕ್’ ಎನ್ನುತ್ತಾರಂತೆ, ಮಗಳು ಹೇಳಿದಳು. ಹಬೆಯ ಪಂಕಾ ಇರಬೇಕು ಎಂದುಕೊಂಡೆ. ಆಗ ಕೌತಾಳಂನ ನಮ್ಮ ಓಣಿಯಲ್ಲಿ ಅದಕ್ಕಿದ್ದ ಹೆಸರು ‘ಈರಣ್ಣನ ಹುಚ್ಚು’. ಜನ ಹೊಗಳಿಯೇ ಹಾಗನ್ನುತ್ತಿದ್ದರು. ನನ್ನ ಹೊಟ್ಟೆ ಉರಿಯುತ್ತಿದ್ದುದೇ ಅದಕ್ಕೆ!

“ನಿಮ್ಮ ತಮ್ಮನ ಕೈಯಾಗ ಏನೋ ಐತಿ ನೋಡ್ರಿ,” ಎಂದಳು ನನ್ನ ಹೆಂಡತಿ ಗೌರಮ್ಮ.

“ನನ್ನ ಕೈಯಾಗ ಏನೂ ಇಲ್ಲೇನು?”

“ಯಾಕಿಲ್ರಿ? ಚೀಲ ಐತಲ್ಲ. ಬ್ಯಾಳಿ ತರಾಕ ಹೊಂಟಿದ್ರಿ, ಹೋಗ್ರಿ.”

ಹೋದೆ.

ಅಷ್ಟರಲ್ಲಿ ತಂಗಿ ಶಾಂತಮ್ಮನ ಮದುವೆ ಗೊತ್ತಾಯಿತು. ಈರಣ್ಣ ಹಿತ್ತಾಳೆ ನವಿಲು ಮಾಡಲು ಕುಳಿತ. ಅದರ ಕಾಲ ಬಳಿ ಇದ್ದಿಲ ಒಲೆ, ಹೊಟ್ಟೆಯಲ್ಲಿ ತಾಮ್ರದ ಕೆಟಲು, ಎದೆಯ ಮೇಲೆ ಮುಳ್ಳು ನಡುಗಿಸುವ ಹಬೆಯ ಮೀಟರು. ಚಪ್ಪರದ ನಡುವೆ ಗರಗರ ಸುತ್ತುತ್ತ, ಬಾಗಿಲ ಕಡೆ ಮುಖ ಬಂದಾಗ ಕೊಕ್ಕಿನಿಂದ ಪನ್ನೀರು ಚಿಮ್ಮಿಸಿ ಬಂದವರನ್ನು ಸ್ವಾಗತಿಸುವುದು ಅದರ ಕರ್ತವ್ಯ.

ಸುದ್ದಿ ಕೇಳಿದ ಮಿಲ್ಲಿನ ಸಾವುಕಾರರು ನನ್ನನ್ನು ಕರೆದರು. “ಲಗ್ನಕ್ಕ ಬರ್ತೀನಪ್ಪಾ. ನವಿಲು ಛಂದ ನಡದ್ರ ನಿನ್ನ ತಮ್ಮಗ ನಮ್ಮಲ್ಲೇ ಫಿಟರ್ ಕೆಲಸ.”

ಫಿಟರ್ ಎಂದರೆ ನಿಂತಲ್ಲಿಂದಲೇ ಬೆರಳು ತೋರಿಸುವವನು. ಅವನು ತೋರಿಸಿದ್ದನ್ನು ಎತ್ತಿಡುವವನು ನಾನು!

ಮದುವೆಗೆ ಎರಡು ದಿನವಿದ್ದಾಗ ಈರಣ್ಣ ಬಂದ. “ಅಣ್ಣಾ, ಪನ್ನೀರು ಬಿಡೂ ಚಕ್ರ ಒಂದೇ ಉಳದೈತಿ. ಆದವಾನಿ ಮಿಸ್ತ್ರಿ ಕಡೆ ಕೊಯ್ಸಿಕೊಂಡು ಬಾ. ಇಪ್ಪತ್ನಾಕು ಹಲ್ಲು. ನವಿಲು ತಿರುಗಸೂ ಚಕ್ರಕ್ಕೂ ಇಪ್ಪತ್ನಾಕು, ಪನ್ನೀರು ಬಿಡೂ ಚಕ್ರಕ್ಕೂ ಇಪ್ಪತ್ನಾಕು. ಎರಡೂ ಸಮ ಇದ್ರನ ಪ್ರತಿ ಸಲ ಬಾಗಿಲ ಕಡೆ ಹಾರತೈತಿ.”

ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ದಾರಿಯುದ್ದಕ್ಕೂ ಹೊಟ್ಟೆ ಉರಿಸಿಕೊಂಡೆ. ಮಿಸ್ತ್ರಿ ತೆಲುಗಿನಲ್ಲಿ ಕೇಳಿದ: “ಎನ್ನಿ ಪಳ್ಳು?” ಎಷ್ಟು ಹಲ್ಲು?

“ಇರವೈ ಮೂಡು,” ಎಂದೆ. ಇಪ್ಪತ್ತಮೂರು!

“ಮೂಡಾ, ನಾಲುಗಾ? ಗಟ್ಟಿಗಾ ಚೆಪ್ಪನ್ನಾ.” ಮೂರೋ ನಾಲ್ಕೋ, ಗಟ್ಟಿಯಾಗಿ ಹೇಳಣ್ಣಾ.

“ಮೂಡೇ!” ಎಂದು ಗಟ್ಟಿಯಾಗಿಯೇ ಹೇಳಿದೆ.

ಮದುವೆಯ ದಿನ ನವಿಲಿನ ಹೊಟ್ಟೆ ಕುದಿಯಿತು. ಮೊದಲ ಸಲ ಪನ್ನೀರು ನೇರ ಬಾಗಿಲಿಗೇ ಹಾರಿತು. ಜನ ಚಪ್ಪಾಳೆ ತಟ್ಟಿದರು. ನನ್ನ ಜೀವ ಹೋಯಿತು. ಎರಡನೆಯ ಸಲ ಬಾಗಿಲಿಗಿಂತ ಎರಡು ಮೊಳ ಆಚೆ ಬಿತ್ತು. ಜೀವ ಮರಳಿ ಬಂತು! ಆಮೇಲೆ ಪ್ರತಿ ಸಲವೂ ಒಂದೊಂದು ಹಲ್ಲಿನಷ್ಟು ಸರಿಯುತ್ತ ಹೋಯಿತು. ಪನ್ನೀರು ಹೊಕ್ಕು ಶಹನಾಯಿ ಗೊರಗೊರ ಎಂದಿತು. ಮದುವೆ ಮಾಡಿಸುತ್ತಿದ್ದ ಅಯ್ಯನವರ ಹಣೆಯ ವಿಭೂತಿ ತೊಳೆದು ಹೋಯಿತು. ಬೀಗರ ರುಮಾಲು ತೊಯ್ದಿತು.

ಬೀಗರು ಈಗ ಬೈಯುತ್ತಾರೆಂದು ಕಾದೆ. ಅವರು ಪಕ್ಕದವನ ಬೆನ್ನು ತಟ್ಟಿ ನಕ್ಕರು. “ಮುಂದಿನ ಪಾಳಿ ನಿಂದು ನೋಡಲೇ!”

ಪಾಳಿ! ಆಗ ನನಗೆ ಹೊಳೆಯಿತು. ಎಣಿಕೆಯಲ್ಲಿ ತಪ್ಪುವವನಲ್ಲವಲ್ಲ, ಲೆಕ್ಕ ಹಾಕಿದೆ. ಇನ್ನು ನಾಲ್ಕು ಸಲಕ್ಕೆ ನನ್ನ ಮುಖ! ಓಡೋಣವೆಂದರೆ ಅಯ್ಯನವರು ಅಕ್ಷತೆಯ ದೊಡ್ಡ ಪರಾತವನ್ನು ನನ್ನ ಕೈಗಿಟ್ಟರು. “ನೀನು ಹಿರೇ ಅಣ್ಣ. ತಾಳಿ ಕಟ್ಟೂತನ ಕದಲಬ್ಯಾಡ.”

ಮೂರು. ಎರಡು. ಒಂದು. ಬೆಚ್ಚಗಿನ ಪನ್ನೀರು ಸರಿಯಾಗಿ ನನ್ನ ಮೂಗಿನೊಳಗೆ ಹೋಯಿತು. ನಾನು ಸೀನಿದೆ. ಪರಾತ ಹಾರಿತು. ಅಕ್ಕಿ ಹಾರಿದ್ದನ್ನು ಕಂಡ ಜನ, ತಾಳಿ ಕಟ್ಟಿದರೆಂದು ತಿಳಿದು ತಮ್ಮ ಕೈಯಲ್ಲಿದ್ದುದನ್ನೂ ಎಸೆದರು. ವಾದ್ಯದವರು ಗಟ್ಟಿಮೇಳ ಹೊಡೆದರು!

“ಏ, ತಾಳಿ ಇನ್ನೂ ನನ್ನ ಕೈಯಾಗ ಐತ್ರೋ!” ಎಂದು ಅಯ್ಯನವರು ಕೂಗಿದರು.

ಎಲ್ಲರೂ ಬಗ್ಗಿ ಅಕ್ಕಿ ಆರಿಸತೊಡಗಿದರು. ಅಷ್ಟರಲ್ಲಿ ನವಿಲು ಎಲ್ಲರ ಪಾಳಿಯನ್ನೂ ಮುಗಿಸಿ, ಇಪ್ಪತ್ತೈದನೆಯ ಸಲಕ್ಕೆ ಮತ್ತೆ ಬಾಗಿಲಿಗೆ ಬಂತು. ಬಾಗಿಲಲ್ಲಿ ಸಾವುಕಾರರು ಆಗತಾನೇ ಕಾಲಿಟ್ಟಿದ್ದರು. ಚಿಮ್ಮಿತು ಪನ್ನೀರು, ಅವರ ಬಿಳಿ ಅಂಗಿಯ ಎದೆಗೇ!

ಅವರು ನಿಂತೇ ಇನ್ನೊಂದು ಸುತ್ತು ಪೂರ್ತಿ ನೋಡಿದರು. “ಬಾಗಿಲಿಗೆ ಬಂದ ದೊಡ್ಡವರಿಗಷ್ಟೇ ಅಲ್ಲ, ವಾದ್ಯದವರಿಗೂ ಪನ್ನೀರು! ಯಾರನ್ನೂ ಬಿಟ್ಟಿಲ್ಲಲ್ಲೋ ಈರಣ್ಣ. ಸೋಮವಾರದಿಂದ ಕೆಲಸಕ್ಕ ಬಾ.”

ತಾಳಿಯೂ ಊಟವೂ ಆದ ನಂತರ, ಒದ್ದೆ ಅಂಗಿಯಲ್ಲಿ ತಮ್ಮನ ಬಳಿ ಹೋದೆ. ಕೆಲಸ ಅವನಿಗೆ ಸಿಕ್ಕಾಗಿತ್ತು, ಪಾಪ ಮಾತ್ರ ನನ್ನಲ್ಲೇ ಉಳಿದಿತ್ತು. “ಈರಾ, ಆ ಚಕ್ರದ ಹಲ್ಲು...”

“ಗೊತ್ತೈತಣ್ಣಾ, ಇಪ್ಪತ್ಮೂರು. ಹಾಕೂಕಿಂತ ಮೊದಲ ಎಣಿಸಿದ್ದೆ. ತಿರುಗಿಸಿ ಕಳಿಸಾಕ ಟೈಮಿರಲಿಲ್ಲ.” ಅವನು ನನ್ನ ಕೈ ಹಿಡಿದುಕೊಂಡ. “ನೀ ಮನಸಿಗೆ ಹಚ್ಕೋಬ್ಯಾಡ. ನಾಕನೇ ಕ್ಲಾಸಿಗೆ ಸಾಲಿ ಬಿಟ್ಟಾಂವ ನೀನು. ಎಣಿಕಿ ತಪ್ಪಿದ್ರ ನಿಂದೇನು ತಪ್ಪು? ನಾನ ಚೀಟಿ ಬರದು ಕೊಡಬೇಕಿತ್ತು.”

ನನ್ನ ಮುಂದೆ ಎರಡು ದಾರಿಗಳಿದ್ದವು. ಎಣಿಕೆ ತಪ್ಪಿಲ್ಲ ಎಂದರೆ ದ್ರೋಹಿ. ತಪ್ಪಿದೆ ಎಂದರೆ ದಡ್ಡ.

“ಹೌದಪ್ಪಾ,” ಎಂದೆ, “ಇಪ್ಪತ್ತರ ಮ್ಯಾಗ ನನಗ ಸ್ವಲ್ಪ ಗಲಿಬಿಲಿ.”

ಅಂದಿನಿಂದ ಮಿಲ್ಲಿನಲ್ಲಿ ಚೀಲ ಎಣಿಸುವ ಕೆಲಸವನ್ನು ಗುಮಾಸ್ತರು ನನಗೆ ಕೊಡಲು ಫಿಟರ್ ಈರಣ್ಣ ಬಿಡಲಿಲ್ಲ. ಅಣ್ಣನ ಮರ್ಯಾದೆ ಹೋಗಬಾರದಲ್ಲ! ಇವತ್ತಿಗೂ ನಾನು ಒಂದು ಡಜನ್ ಬಾಳೆಹಣ್ಣು ತಂದರೆ, ಅವನು ನನ್ನ ಮನಸ್ಸು ನೋಯದಂತೆ ಆಚೆ ತಿರುಗಿ, ಮೆಲ್ಲಗೆ ಮತ್ತೊಮ್ಮೆ ಎಣಿಸುತ್ತಾನೆ.

ಹನ್ನೆರಡೇ ಇರುತ್ತವೆ. “ಭೇಷ್ ಅಣ್ಣಾ!” ಎನ್ನುತ್ತಾನೆ.