ಎರಡು ಸಾವಿರದ ಏಳುನೂರ ಮೂವತ್ತೇಳೂವರೆ ಲೀಟರ್

೨೦೨೪ರ ಜುಲೈ ೮, ಸೋಮವಾರ. ಹರಿಹರದಲ್ಲಿ ಬೆಳಗಿನಿಂದ ಮೋಡ, ಮಳೆ ಬರಲಿಲ್ಲ. ಅಂದು ಹತ್ತೂವರೆಗೆ ತುಂಗಾತೀರ ಕಲಾ ಮತ್ತು ವಾಣಿಜ್ಯ ಕಾಲೇಜಿನ ಖೋ ಖೋ ತರಬೇತುದಾರ ಬಕ್ಕೇಶ್ ತಮ್ಮ ರಾಜೀನಾಮೆಯನ್ನು ಎರಡು ಪ್ರತಿಗಳಲ್ಲಿ ಸಲ್ಲಿಸಿದರು.

ಬಕ್ಕೇಶ್ ಅದೇ ಕಾಲೇಜಿನಲ್ಲಿ ಮೂರು ವರ್ಷ ಓದಿ, ಹನ್ನೆರಡು ವರ್ಷ ಆಡಿಸಿದವರು. ಸಂಬಳ ಹದಿಮೂರೂವರೆ ಸಾವಿರ. ಅದೂ ಏಳು ತಿಂಗಳಿಂದ ಪರಿಶೀಲನೆಯಲ್ಲಿತ್ತು. ದಾವಣಗೆರೆಯಲ್ಲಿ ಆನೆಕೊಂಡದ ಕಡೆ ಹೊಸದಾಗಿ ಎದ್ದ ಖಾಸಗಿ ಕಾಲೇಜೊಂದು ತಿಂಗಳಿಗೆ ಐವತ್ತೈದು ಸಾವಿರ ಕೊಡುವುದಾಗಿ ಹೇಳಿತ್ತು. ಷರತ್ತು ಒಂದೇ: ಜುಲೈ ೩೧ರೊಳಗೆ ಹಳೆಯ ಕಾಲೇಜಿನಿಂದ ಬಿಡುಗಡೆ ಪತ್ರ ತರಬೇಕು. ತಪ್ಪಿದರೆ ಆ ಜಾಗಕ್ಕೆ ಶಿವಮೊಗ್ಗದವರೊಬ್ಬರು ಕಾದಿದ್ದರು.

ಪ್ರಾಂಶುಪಾಲ ಏಕಾಂತಪ್ಪನವರು ಬೀಳ್ಕೊಡುಗೆ ಸಮಾರಂಭ ಏರ್ಪಡಿಸಿದರು. ಕಾಲೇಜಿನ ಶಾಲನ್ನು ಬಕ್ಕೇಶರಿಗೆ ಹೊದಿಸಿ, ಫೋಟೋ ಆದ ಮೇಲೆ ವಾಪಸ್ ಪಡೆಯಲಾಯಿತು. ತಂಡದ ಹೊಣೆಯನ್ನು ಗ್ರಂಥಪಾಲಕರಿಗೆ ವಹಿಸಲಾಯಿತು. ಅವರ ಬಳಿ ಸೀಟಿ ಇತ್ತು. ಎರಡು ಮಾತು ಆಡಲು ಕೇಳಿದಾಗ ಬಕ್ಕೇಶ್ ಎಲ್ಲರೂ ಹೇಳುವುದನ್ನೇ ಹೇಳಿದರು: "ಈ ಕಾಲೇಜು ನನಗೆ ತಾಯಿ ಇದ್ದಂಗೆ. ಇದರ ಋಣ ತೀರಿಸಾಕೆ ಆಗಲ್ಲ."

ನಡಾವಳಿ ಬರೆಯುತ್ತಿದ್ದವರು ಕಚೇರಿ ಅಧೀಕ್ಷಕ ರುದ್ರಮುನಿ. ಉಪಮೆಗಳನ್ನು ದಾಖಲಿಸುವ ರೂಢಿ ಅವರಿಗಿರಲಿಲ್ಲ. ಅವರು ಬರೆದದ್ದು: "ಸದರಿಯವರು ಕಾಲೇಜು ತಮ್ಮ ತಾಯಿಯೆಂದೂ, ಋಣ ಬಾಕಿ ಇದೆಯೆಂದೂ ಸಭೆಯ ಮುಂದೆ ಒಪ್ಪಿಕೊಂಡರು." ಉಪ್ಪಿಟ್ಟು ಪಡೆದವರ ಪಟ್ಟಿಯ ಜೊತೆಗೆ ಇದಕ್ಕೂ ಬಕ್ಕೇಶರ ಸಹಿ ಬಿತ್ತು.

ಹನ್ನೆರಡನೆಯ ತಾರೀಖು ಆಡಳಿತ ಮಂಡಳಿ ನಡಾವಳಿಯನ್ನು ಓದಿತು. ಹದಿನೈದಕ್ಕೆ ಬಿಡುಗಡೆ ಪತ್ರದ ಬದಲು ಒಂದು ತಿಳುವಳಿಕೆ ಪತ್ರ ಹೊರಟಿತು:

"ತಾಯಿಯ ಹಾಲಿನ ಋಣ, ದಿನಕ್ಕೆ ಅರ್ಧ ಲೀಟರಿನಂತೆ, ಹದಿನೈದು ವರ್ಷಕ್ಕೆ ೨೭೩೭.೫ ಲೀಟರ್. ಅಧಿಕ ವರ್ಷಗಳ ಹೆಚ್ಚುವರಿ ದಿನಗಳನ್ನು ಮಾನವೀಯ ದೃಷ್ಟಿಯಿಂದ ಕೈಬಿಡಲಾಗಿದೆ. ಲೀಟರಿಗೆ ೪೪ ರೂಪಾಯಿಯಂತೆ ಒಟ್ಟು ೧,೨೦,೪೫೦ ರೂಪಾಯಿ ಪಾವತಿಸಿದ ನಂತರ ಬಿಡುಗಡೆ ಪತ್ರ ಹಾಗೂ ಮೂಲ ಅಂಕಪಟ್ಟಿಗಳನ್ನು ನೀಡಲಾಗುವುದು. ಏಳು ತಿಂಗಳ ಸಂಬಳದ ವಿಷಯ: ತಾಯಿಯು ಮಗನಿಗೆ ಸಂಬಳ ಕೊಟ್ಟ ಉದಾಹರಣೆ ಕಡತಗಳಲ್ಲಿ ಸಿಗದ ಕಾರಣ ಮುಕ್ತಾಯಗೊಳಿಸಲಾಗಿದೆ."

ಬಕ್ಕೇಶ್ ರುದ್ರಮುನಿಯವರ ಮೇಜಿನ ಮುಂದೆ ಹೋಗಿ ನಿಂತರು.

"ಸರ್, ತಾಯಿ ಇದ್ದಂಗೆ ಅಂದಿದ್ದೆ ನಾನು. ತಾಯಿ ಅಂದಿಲ್ಲ."

"ನಡಾವಳಿಯಾಗ ಇದ್ದಂಗೆ ಗಿದ್ದಂಗೆ ಬರಲ್ಲ ಬಕ್ಕೇಶ್. ಇದ್ದದ್ದು ಇದ್ದಂಗೆ ಬರೀಬೇಕು."

"ಅದು ಮಾತಿಗೆ ಅಂದಿದ್ದು ಸರ್."

"ಮಾತಿಗೆ ಅಂದಿದ್ದನ್ನೇ ಬರಿಯೋದು. ಮನಸಿನಾಗೆ ಇದ್ದಿದ್ದಕ್ಕೆ ಕಾಲಂ ಇಲ್ಲ."

ಇಪ್ಪತ್ತೆರಡನೆಯ ತಾರೀಖು ಬಕ್ಕೇಶ್ ಹೊಳೆದಂಡೆಯ ಸಾರಥಿ ಗ್ರಾಮದಿಂದ ತಮ್ಮ ತಾಯಿ ಕಸ್ತೂರಮ್ಮನವರನ್ನು ಕರೆತಂದರು. ಆಕೆ ಎರಡು ಎಮ್ಮೆ, ಒಂದು ಆಕಳು ಕಟ್ಟಿಕೊಂಡು ಡೇರಿಗೆ ಹಾಲು ಹಾಕುವವರು. ಏಕಾಂತಪ್ಪನವರು ಎದ್ದು ನಿಂತು ಗೌರವದಿಂದ "ಬರ್ರಿ ಅಮ್ಮಾ, ಕೂಡ್ರಿ" ಎಂದರು.

"ಕೂಡಾಕೆ ಬಂದಿಲ್ಲ. ಇವನ್ನ ಹೆತ್ತೋಳು ನಾನು. ಅದನ್ನ ಹೇಳಾಕೆ ಬಂದೆ."

"ಅದಕ್ಕೆ ಕಾಗದ ಏನಾರ ಐತೇನಮ್ಮಾ?"

"ಹೆರಿಗೆ ಮನ್ಯಾಗೆ ಆತು. ಸೂಲಗಿತ್ತಿ ಕಾಗದ ಕೊಡ್ತಾಳೇನ್ರಿ?"

ರುದ್ರಮುನಿ ಕಾಲೇಜಿನ ದಾಖಲೆಗಳನ್ನು ಮೇಜಿನ ಮೇಲೆ ಹರಡಿದರು: ಪ್ರವೇಶ ರಿಜಿಸ್ಟರು, ವರ್ಗಾವಣೆ ಪತ್ರ, ಮೂಲ ಅಂಕಪಟ್ಟಿ, ಪಾಸ್‌ಪೋರ್ಟ್ ಅಳತೆಯ ಎರಡು ಫೋಟೋ. ದಾಖಲೆಗಳ ಆಧಾರದ ಮೇಲೆ ಕಾಲೇಜನ್ನು ತಾಯಿಯೆಂದೂ, ಕಸ್ತೂರಮ್ಮನವರನ್ನು ಮೌಖಿಕ ತಾಯಿಯೆಂದೂ ನಮೂದಿಸಿಕೊಳ್ಳಲಾಯಿತು.

"ಇವನಿಗೆ ದಡಾರ ಎದ್ದಾಗ ಈ ನಿಮ್ಮ ಕಾಲೇಜು ಎಲ್ಲಿತ್ರಿ?" ಎಂದು ಕಸ್ತೂರಮ್ಮ ಕೇಳಿದರು.

ರುದ್ರಮುನಿ ಕಡತ ತಿರುವಿ ನೋಡಿದರು. "ಇಲ್ಲೇ ಇತ್ತಮ್ಮಾ. ಸರ್ವೆ ನಂಬರ್ ಬದಲಾಗಿಲ್ಲ."

ಕಸ್ತೂರಮ್ಮ ತಿಳುವಳಿಕೆ ಪತ್ರವನ್ನು ಮಗನಿಂದ ಇನ್ನೊಮ್ಮೆ ಓದಿಸಿಕೊಂಡು, ಕುರ್ಚಿ ಎಳೆದು ಕೂತರು.

"ಲೀಟರಿಗೆ ನಲವತ್ನಾಕು ಹಾಕೀರಲ್ಲ, ಎಮ್ಮೇದಾ, ಆಕಳದಾ?"

"ಅಂದ್ರೆ?"

"ಡೇರ್ಯಾಗೆ ಫ್ಯಾಟ್ ನೋಡಿ ರೇಟ್ ಕಟ್ತಾರೆ. ಫ್ಯಾಟ್ ಬರ್ಲಿಲ್ಲ ಅಂದ್ರೆ ಕ್ಯಾನ್ ಸಮೇತ ವಾಪಸ್. ನಿಮ್ಮ ಹಾಲಿನ ಫ್ಯಾಟ್ ಎಷ್ಟು ಬಂದಿತ್ತು? ಯಾರು ನೋಡಿದ್ರು?"

ಕಾಲೇಜಿನ ಇತಿಹಾಸದಲ್ಲಿ ಈ ಪ್ರಶ್ನೆ ಹಿಂದೆಂದೂ ಬಂದಿರಲಿಲ್ಲ. ಸಭೆಯನ್ನು ಮುಂದೂಡಿ, ಫ್ಯಾಟಿನ ಪ್ರಮಾಣಪತ್ರ ಒದಗಿಸುವಂತೆ ರಸಾಯನಶಾಸ್ತ್ರ ವಿಭಾಗಕ್ಕೆ ಬರೆಯಲಾಯಿತು. ಕಾಲೇಜಿನಲ್ಲಿ ಅಂಥ ವಿಭಾಗ ಇಲ್ಲದ್ದರಿಂದ ಉತ್ತರ ಬರುವುದು ತಡವಾಯಿತು. ವಾಣಿಜ್ಯ ವಿಭಾಗ ಸರಾಸರಿ ಫ್ಯಾಟ್ ತೆಗೆದುಕೊಳ್ಳಬಹುದೆಂದಿತು. ಯಾವುದರ ಸರಾಸರಿ ಎಂಬಲ್ಲಿ ಚರ್ಚೆ ನಿಂತಿತು.

ಇಪ್ಪತ್ತೊಂಬತ್ತಕ್ಕೆ ದಾವಣಗೆರೆಯ ಕಾಲೇಜಿನ ಕಚೇರಿಯಿಂದ ಸಿಮ್ರಾನ್ ಎಂಬವರು ಬಕ್ಕೇಶರಿಗೆ ಫೋನ್ ಮಾಡಿದರು.

"ಸರ್, ಇನ್ನೆರಡು ದಿನ. ಲೆಟರ್ ಏನಾಯ್ತು?"

"ಹಾಲಿನ ರೇಟ್ ಫಿಕ್ಸ್ ಆಗಿಲ್ಲ ಮೇಡಂ."

"ಓಕೆ ಸರ್. ಆದಷ್ಟು ಬೇಗ ನೋಡಿ" ಎಂದರು ಆಕೆ. ಆಕೆಗೂ ಕಾಲೇಜು ಕಚೇರಿಗಳಲ್ಲಿ ಐದು ವರ್ಷದ ಅನುಭವವಿತ್ತು.

ಮೂವತ್ತರಂದು ಕಸ್ತೂರಮ್ಮ ಮತ್ತೆ ಬಂದರು. "ರೇಟಿನ ತಕರಾರು ಬ್ಯಾಡ್ರಿ. ಹಾಲಿನ ಋಣ ತಾನೆ? ಹಾಲೇ ಹಾಕ್ತೀನಿ. ದಿನಾ ಹತ್ತು ಲೀಟರ್. ನನ್ನ ಮಗನ ಪತ್ರ ಕೊಟ್ಟುಬಿಡ್ರಿ."

ಮಂಡಳಿ ಒಪ್ಪಿತು. ಇನ್ನೂರ ಎಪ್ಪತ್ನಾಲ್ಕು ದಿನ. ಕೊನೆಯ ದಿನ ಮಾತ್ರ ಏಳೂವರೆ ಲೀಟರ್. ಮೂವತ್ತೊಂದರಂದು ಮೊದಲ ಕ್ಯಾನು ಬಂತು. ಅದಕ್ಕೆ ಆವಕ ಸಂಖ್ಯೆ ಕೊಟ್ಟು, ಮುಚ್ಚಳದ ಮೇಲೆ ಮೊಹರು ಒತ್ತಿ, ಸಂಜೆ ನಾಲ್ಕು ಐವತ್ತಕ್ಕೆ ಬಿಡುಗಡೆ ಪತ್ರ ನೀಡಲಾಯಿತು.

ಬಕ್ಕೇಶ್ ಮರುದಿನ ದಾವಣಗೆರೆಯಲ್ಲಿ ಕೆಲಸಕ್ಕೆ ಹಾಜರಾದರು. ಅಲ್ಲಿನ ಸ್ವಾಗತ ಸಮಾರಂಭದಲ್ಲಿ ಎರಡು ಮಾತು ಆಡಿ ಎಂದಾಗ ಗಂಟಲು ನೋವೆಂದರು. ತಿಂಗಳ ಕೊನೆಗೆ ಸಂಬಳ ಬಂತು. ರೂಢಿ ಇಲ್ಲದ ಕಾರಣ, ತಪ್ಪಿ ಬಂದಿರಬೇಕೆಂದು ಎರಡು ದಿನ ಅದನ್ನು ಮುಟ್ಟಲಿಲ್ಲ.

ಇತ್ತ ಕಾಲೇಜಿಗೆ ಬರುವ ಹಾಲನ್ನು ಗೇಟಿನ ಎದುರು ಚಹಾ ಅಂಗಡಿ ಇಟ್ಟಿರುವ ಮಸ್ತಾನಸಾಬರಿಗೆ ಮಾರಲು ನಿರ್ಣಯವಾಯಿತು. ದರ ಲೀಟರಿಗೆ ೪೪. ಬಂದ ಹಣ ಇದಕ್ಕೆಂದೇ ತೆರೆದ ಮಾತೃನಿಧಿಗೆ. ಮೊದಲ ವಾರವೇ ಮಸ್ತಾನಸಾಬರು ಕಚೇರಿಗೆ ಬಂದರು.

"ಸಾಹೇಬ್ರೆ, ಎಷ್ಟು ಕಾಯಿಸಿದ್ರೂ ಕೆನೆ ಕಟ್ಟವಲ್ದು. ಚಾ ಬಣ್ಣಕ್ಕೇ ಬರಾಂಗಿಲ್ಲ."

ರುದ್ರಮುನಿ ರಿಜಿಸ್ಟರು ತೆರೆದು ತೋರಿಸಿದರು. "ನೋಡ್ರಿ, ಲೀಟರ್ ಅಂತ ಕಾಲಂ ಐತೆ. ಲೀಟರ್ ಬಂದೈತೆ. ಕೆನೆ ಅಂತ ಕಾಲಂ ಎಲ್ಲೈತೆ?"

ಮಸ್ತಾನಸಾಬರು ಅರ್ಥ ಮಾಡಿಕೊಂಡು ಚಹಾಪುಡಿ ಹೆಚ್ಚಿಸಿದರು. ಅದೇ ಅಂಗಡಿಯಲ್ಲಿ ಚಹಾ ಕುಡಿಯುವ ಮಂಡಳಿಯ ಸದಸ್ಯರು, ಈಚೆಗೆ ಚಹಾ ಹೊಟ್ಟೆಗೆ ಹಗುರಾಗಿದೆ ಎಂದು ಮೆಚ್ಚಿದರು. ಕಾಲೇಜು ಬಿಡುವ ಎಲ್ಲರಿಗೂ ಇದೇ ನಿಯಮ ಅನ್ವಯಿಸುವುದೆಂದು ಡಿಸೆಂಬರಿನಲ್ಲಿ ಸುತ್ತೋಲೆ ಬಂತು. ಯಾರೂ ಆಕ್ಷೇಪಿಸಲಿಲ್ಲ. ಬರುವ ವರ್ಷ ನಿವೃತ್ತರಾಗಲಿರುವ ಇಬ್ಬರು ಉಪನ್ಯಾಸಕರು ಈಗಲೇ ಎಮ್ಮೆ ನೋಡುತ್ತಿದ್ದಾರೆ.

೨೦೨೫ರ ಏಪ್ರಿಲ್ ೩೦ರಂದು ಕಸ್ತೂರಮ್ಮನವರಿಗೆ ಬೇಬಾಕಿ ಪ್ರಮಾಣಪತ್ರ ಕೊಡಲಾಯಿತು. "ಸದರಿ ಮಗನಿಂದ ಸದರಿ ತಾಯಿಗೆ ಯಾವ ಬಾಕಿಯೂ ಇರುವುದಿಲ್ಲ" ಎಂದು ಅದರಲ್ಲಿತ್ತು. ಆಕೆ ಅದನ್ನು ಮಡಚಿ ಖಾಲಿ ಕ್ಯಾನಿನೊಳಗೆ ಹಾಕಿ, ಮುಚ್ಚಳ ಬಿಗಿದು, ಬಸ್ಸಿಗೆ ಹೊತ್ತಿದೆಯೆಂದು ಚಹಾ ಅಂಗಡಿಯ ಬೆಂಚಿನ ಮೇಲೆ ಕೂತರು. ಮಸ್ತಾನಸಾಬರು ತಾವೇ ಲೋಟ ತಂದಿಟ್ಟರು.

"ಕಸ್ತೂರಕ್ಕ, ಎಲ್ಲಾ ಮುಗೀತಲ್ಲ. ಈಗಾರ ಖರೇ ಹೇಳು. ಹತ್ತು ಲೀಟರ್‌ನಾಗೆ ಹಾಲೆಷ್ಟು ಹಾಕ್ತಿದ್ದೆ?"

ಕಸ್ತೂರಮ್ಮ ಚಹಾದ ಬಣ್ಣವನ್ನೊಮ್ಮೆ ನೋಡಿ, ಕುಡಿದು, ಲೋಟ ಕೆಳಗಿಟ್ಟರು.

"ನಾಕು."

"ಉಳಿದ ಆರು?"

"ಹೊಳೀದು, ಮಸ್ತಾನಣ್ಣ. ಆಕೀನೂ ತಾಯೇ ಅಲ್ಲೇನು?"